ಸಿಪಾಯಿಯ ಕರುಳಿನಿಂದ ವಿಮೆಯ ಪಟ್ಟಿಗೆ

ಕಳೆದ ಆಷಾಢದಲ್ಲಿ, ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದ ಮರುದಿನ, ಆಂಟಿಬಯಾಟಿಕ್ ಗುಳಿಗೆಗಳ ಜೊತೆಗೆ ನುಂಗಲೆಂದು ಪ್ರೊಬಯಾಟಿಕ್ ಕೊಳ್ಳಲು ಹೋಗಿದ್ದೆ. ಔಷಧದಂಗಡಿಯಾತ ನಾಲ್ಕು ಬಗೆಯ ಡಬ್ಬಿಗಳನ್ನು ಮುಂದಿಟ್ಟು, “ಯಾವುದಾದರೂ ಒಂದೇ, ಸಾರ್” ಎಂದ. ಅದರ ಬಿಲ್ಲನ್ನೂ ಉಳಿದವುಗಳ ಜೊತೆ ವಿಮೆಯವರಿಗೆ ಕಳಿಸಿದೆ. ಮಿಕ್ಕಿದ್ದಕ್ಕೆಲ್ಲ ಹಣ ಬಂತು; ಆ ಒಂದು ಸಾಲಿನ ಮೇಲೆ ಮಾತ್ರ ಗೀಟು. ಸಿಟ್ಟು ಬಂದದ್ದು ನಿಜ. ಆದರೆ ಈ ಗುಳಿಗೆಯ ಪೂರ್ವೋತ್ತರವನ್ನು ಹುಡುಕಿಕೊಂಡು ಹೋದ ಮೇಲೆ, ಗೀಟಿಗಿಂತ ಅಂಗಡಿಯಾತನ ಮಾತೇ ದೊಡ್ಡ ತಪ್ಪಾಗಿ ಕಂಡಿತು.

ಈ ಕಥೆಯನ್ನು ಪ್ಯಾರಿಸ್ಸಿನಿಂದ ತೊಡಗುವುದು ವಾಡಿಕೆ. ಬಲ್ಗೇರಿಯದ ರೈತರು ಹುಳಿಹಾಲು ಕುಡಿದು ದೀರ್ಘಾಯುಗಳಾಗಿದ್ದಾರೆಂದು ಪಾಸ್ತರ್ ಸಂಸ್ಥೆಯ ಮೆಚ್ನಿಕಾಫ್ ನಂಬಿದ್ದ, ಪ್ರಚಾರವನ್ನೂ ಮಾಡಿದ. ತಾನು ಮಾತ್ರ 1916ರಲ್ಲಿ 71ನೆಯ ವಯಸ್ಸಿಗೇ ತೀರಿಕೊಂಡ. ಮೊಸರನ್ನ ಉಂಡು ಬೆಳೆದ ನಮಗೆ ಇದರಲ್ಲೇನೂ ಹೊಸತಿಲ್ಲ. ನನ್ನ ಮನಸ್ಸನ್ನು ಹಿಡಿದದ್ದು ಜರ್ಮನಿಯ ಫ್ರೈಬುರ್ಗ್ ಪಟ್ಟಣದ ವೈದ್ಯ ಆಲ್ಫ್ರೆಡ್ ನಿಸ್ಲೆಯ ವೃತ್ತಾಂತ.

ಅದು ಮೊದಲನೆಯ ಮಹಾಯುದ್ಧದ ಕಾಲ, 1917. ಬಾಲ್ಕನ್ ರಣರಂಗದಲ್ಲಿ ಸಿಪಾಯಿಗಳು ಆಮಶಂಕೆಯಿಂದ ನರಳುತ್ತಿದ್ದಾಗ ಒಬ್ಬನಿಗೆ ಮಾತ್ರ ರೋಗ ತಗಲಲಿಲ್ಲ. ಆತನ ಕರುಳಿನಲ್ಲೇ ಕಾವಲುಗಾರನೊಬ್ಬ ಇರಬೇಕೆಂದು ನಿಸ್ಲೆ ಊಹಿಸಿದ. ಸಿಪಾಯಿಯ ಮಲದಿಂದ ಇ. ಕೋಲಿ ಜಾತಿಯ ಒಂದು ತಳಿಯನ್ನು ಬೇರ್ಪಡಿಸಿ, ಬೆಳೆಸಿ, ಜೆಲಟಿನ್ ಗುಳಿಗೆಗಳಲ್ಲಿ ತುಂಬಿ, ‘ಮ್ಯೂಟಾಫ್ಲೋರ್’ ಎಂದು ಹೆಸರಿಟ್ಟ. ಇದೇ ಇ. ಕೋಲಿಯ ದಾಯಾದಿಗಳು ಭೇದಿ ಹತ್ತಿಸುವ ಕ್ರಿಮಿಗಳೆಂಬುದನ್ನು ವಾಚಕರು ಮರೆಯಬಾರದು. ಜಾತಿ ಒಂದೇ, ಗುಣ ಬೇರೆ. “ಯಾವುದಾದರೂ ಒಂದೇ” ಎಂಬ ಮಾತಿಗೆ ಅಲ್ಲೇ ಉತ್ತರವಿದೆ.

ಆರೋಗ್ಯ ವಿಮೆಯ ವಿಷಯದಲ್ಲೂ ಜರ್ಮನಿಯೇ ಹಿರಿಯಣ್ಣ. ಬಿಸ್ಮಾರ್ಕನ 1883ರ ಕಾಯಿದೆಯಂತೆ ಕಾರ್ಮಿಕ ಮೂರರಲ್ಲಿ ಎರಡು ಪಾಲು, ಯಜಮಾನ ಒಂದು ಪಾಲು ಕಟ್ಟಬೇಕು. ವೈದ್ಯ, ಔಷಧ, ಕಾಯಿಲೆಯ ದಿನಗಳ ಭತ್ಯ ಆ ನಿಧಿಯಿಂದ. ನಿಧಿಯ ಭಾರ ಬೆಳೆಯುತ್ತ ಹೋಗಿ, 2004ರ ಜನವರಿಯಿಂದ, ವೈದ್ಯರ ಚೀಟಿಯಿಲ್ಲದೆ ಸಿಗುವ ಔಷಧಗಳನ್ನು ವಯಸ್ಕರು ಸ್ವಂತ ಹಣದಿಂದಲೇ ಕೊಳ್ಳಬೇಕೆಂದಾಯಿತು. ಆದರೂ ಒಂದು ವಿನಾಯಿತಿಯ ಪಟ್ಟಿ ಉಳಿಯಿತು. ಅದರಲ್ಲಿ ನಮ್ಮ ಸಿಪಾಯಿಯ ಕ್ರಿಮಿಗೂ ಜಾಗ ಸಿಕ್ಕಿದೆ! ಆದರೆ ಎಷ್ಟು ಇಕ್ಕಟ್ಟಾದ ಜಾಗ! ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ರೋಗಕ್ಕೆ ಮಾತ್ರ. ಅದೂ ರೋಗ ಅಡಗಿರುವಾಗ, ಮೆಸಲಜೀನ್ ಎಂಬ ರೂಢಿಯ ಔಷಧ ಒಗ್ಗದವರಿಗೆ ಮಾತ್ರ. ಹೊಟ್ಟೆಯುಬ್ಬರಕ್ಕೆಂದು ಅದೇ ಗುಳಿಗೆಯನ್ನು ನುಂಗುವವನು ತನ್ನ ಜೇಬನ್ನೇ ಮುಟ್ಟಬೇಕು.

ಇದನ್ನು ಜಿಪುಣತನವೆನ್ನಲು ನನಗೆ ಬಾಯಿ ಬಾರದು. 2004ರಲ್ಲೇ ಪ್ರಕಟವಾದ ಪರೀಕ್ಷೆಯೊಂದರಲ್ಲಿ 327 ರೋಗಿಗಳನ್ನು 12 ತಿಂಗಳು ನೋಡಿಕೊಂಡಾಗ, ರೋಗ ಮರುಕಳಿಸದಂತೆ ತಡೆಯುವುದರಲ್ಲಿ ಈ ತಳಿ ಮೆಸಲಜೀನಿಗೆ ಸರಿಸಮನಾಗಿತ್ತು. ಎಲ್ಲಿ ಪುರಾವೆಯೋ ಅಲ್ಲಿ ಹಣ. ಪ್ರೊಬಯಾಟಿಕ್ ಎಂದರೇನೆಂದು 2001ರಲ್ಲಿ ವಿಶ್ವಸಂಸ್ಥೆಯ ತಜ್ಞರು ಹೇಳಿದ್ದೂ ಇಷ್ಟೆ: ಜೀವಂತವಾಗಿರಬೇಕು, ತಕ್ಕಷ್ಟು ಪ್ರಮಾಣದಲ್ಲಿರಬೇಕು, ಸೇವಿಸಿದವನಿಗೆ ಒಳಿತಾಗಬೇಕು.

ಹಾಗಾದರೆ ಕೊಳ್ಳುವವನು ಡಬ್ಬಿಯ ಮೇಲೆ ನೋಡಬೇಕಾದದ್ದು ತಳಿಯ ಗುರುತು, ಅವಧಿ ಮುಗಿಯುವ ದಿನದವರೆಗೆ ಬದುಕಿರುವ ಕ್ರಿಮಿಗಳ ಲೆಕ್ಕ. ಯಾವ ಕಾಯಿಲೆಗೆ ಎಂಬುದನ್ನು ವೈದ್ಯರನ್ನೇ ಕೇಳಬೇಕು. ನನ್ನ ಡಬ್ಬಿಯನ್ನು ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಜಾತಿಯ ಹೆಸರಿತ್ತು, ತಳಿಯ ಗುರುತು ಎಲ್ಲಿಯೂ ಇರಲಿಲ್ಲ. ಉಳಿದ ಆರು ಗುಳಿಗೆಗಳು ಇನ್ನೂ ಬೀರುವಿನಲ್ಲಿವೆ. ವಿಮೆಯವರಿಗೆಂದು ಬರೆದಿಟ್ಟಿದ್ದ ತಕರಾರಿನ ಕಾಗದವನ್ನು ನಾನು ಅಂಚೆಗೆ ಹಾಕಲಿಲ್ಲ.