ನಾಣ್ಯ ಕರಗಿ ಬಟ್ಟಲಾಯಿತು

ಆಪತ್ಕಾಲಕ್ಕೆಂದು ಮನೆಯಲ್ಲಿ ಒಂದಿಷ್ಟು ಬೆಳ್ಳಿ ಬಂಗಾರ ಕೂಡಿಡುವುದು ನಮಗೇನೂ ಹೊಸದಲ್ಲ. ನಾವು ಬಂದು ನೆಲೆಸಿರುವ ಈ ಅಮೆರಿಕದಲ್ಲೂ ಒಂದು ಕಾಲಕ್ಕೆ ಸಿರಿವಂತರು ಹೀಗೆಯೇ ಮಾಡುತ್ತಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಬ್ರಿಟಿಷರ ಆಳ್ವಿಕೆಯ ಆ ದಿನಗಳಲ್ಲಿ ಇಲ್ಲಿ ಹಣವಿಡಲು ಇಂದಿನಂಥ ಬ್ಯಾಂಕುಗಳಿರಲಿಲ್ಲ. ಬಾಸ್ಟನ್, ನ್ಯೂಯಾರ್ಕ್ ನಗರಗಳ ವರ್ತಕರು ವ್ಯಾಪಾರದಲ್ಲಿ ಕೈಸೇರಿದ ಸ್ಪೇನಿನ ಬೆಳ್ಳಿ ನಾಣ್ಯಗಳನ್ನು ಅಕ್ಕಸಾಲಿಗನಿಗೆ ಒಪ್ಪಿಸಿ, ಬಟ್ಟಲು, ಹೂಜಿ, ತಟ್ಟೆಗಳನ್ನು ಮಾಡಿಸುತ್ತಿದ್ದರು. ನಾಣ್ಯ ಕಳುವಾದರೆ ಗುರುತು ಹಿಡಿಯುವವರಾರು? ಬಟ್ಟಲಾದರೆ ಮನೆತನದ ಲಾಂಛನ, ಗಂಡಹೆಂಡಿರ ಹೆಸರಿನ ಮೊದಲಕ್ಷರ, ಮಾಡಿದವನ ಮುದ್ರೆ ಅದರ ಮೇಲಿರುತ್ತಿದ್ದವು.

ಹೀಗಾಗಿ ಅಕ್ಕಸಾಲಿಗನೆಂದರೆ ಊರಿಗೆ ನಂಬಿಗಸ್ಥ. 1652ರಲ್ಲಿ ಮ್ಯಾಸಚೂಸೆಟ್ಸ್ ತನ್ನದೇ ನಾಣ್ಯ ಟಂಕಿಸಲು ನಿರ್ಧರಿಸಿದಾಗ ಆ ಹೊಣೆ ಬಾಸ್ಟನ್ನಿನ ಅಕ್ಕಸಾಲಿಗ ಜಾನ್ ಹಲ್‌ಗೆ ಬಂತು. ಆತ ರಾಬರ್ಟ್ ಸ್ಯಾಂಡರ್ಸನ್‌ನನ್ನು ಜೊತೆಗೂಡಿಸಿಕೊಂಡ.

ಆ ಕಾಲದ ಪಾತ್ರೆಗಳಲ್ಲಿ ಬಲು ಅಪರೂಪದ್ದು ಸಕ್ಕರೆ ಕರಡಿಗೆ. ಜಾನ್ ಕೋನಿ, ಎಡ್ವರ್ಡ್ ವಿನ್ಸ್‌ಲೋ ಮೊದಲಾದವರು ಮಾಡಿದ ಇಂಥವು ಬೆರಳೆಣಿಕೆಯಷ್ಟೇ ಉಳಿದಿವೆ. ಬೆಳ್ಳಿಯಲ್ಲಿ ಜೋಪಾನ ಮಾಡುವಷ್ಟು ಸಕ್ಕರೆ ಆಗ ದುಬಾರಿ. ಅದು ಬರುತ್ತಿದ್ದುದು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಂದ. ಅಲ್ಲಿ ದುಡಿಯುತ್ತಿದ್ದವರು ಆಫ್ರಿಕಾದಿಂದ ಬಲವಂತವಾಗಿ ತಂದ ಗುಲಾಮರು. ಬೆಳ್ಳಿಯ ಹೊಳಪನ್ನು ಮೆಚ್ಚುವಾಗ ಈ ಕಣ್ಣೀರನ್ನು ನಾವು ಮರೆಯಲಾಗದು.

ಇದೇ ಕೋನಿಯ ಬಳಿ ಕೆಲಸ ಕಲಿಯಲು ಫ್ರಾನ್ಸಿನಿಂದ ಬಂದ ಹುಡುಗ ಅಪೊಲೋಸ್ ರಿವೊಯರ್. ಆತನ ಮಗನೇ ಪ್ರಸಿದ್ಧ ಪಾಲ್ ರಿವೀರ್. 1768ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆ ಬ್ರಿಟಿಷ್ ತೆರಿಗೆಗಳ ವಿರುದ್ಧ ಇತರ ವಸಾಹತುಗಳಿಗೆ ಪತ್ರ ಬರೆಯಿತು. ಅದನ್ನು ಹಿಂತೆಗೆದುಕೊಳ್ಳಬೇಕೆಂದು ಲಂಡನ್ನಿನಿಂದ ಆಜ್ಞೆ ಬಂದಾಗ 92 ಸದಸ್ಯರು ಒಪ್ಪಲಿಲ್ಲ. ಅವರ ಗೌರವಾರ್ಥ 15 ಮಂದಿ ಗೆಳೆಯರು ರಿವೀರನಿಂದ ಒಂದು ಬೆಳ್ಳಿ ಬಟ್ಟಲು ಮಾಡಿಸಿ, ತಮ್ಮ ಹೆಸರುಗಳನ್ನು ಅದರ ಮೇಲೆ ಕೆತ್ತಿಸಿದರು. ಒಡೆತನದ ಗುರುತಾಗಿ ಕೆತ್ತಿಸುತ್ತಿದ್ದ ಹೆಸರು, ಇಲ್ಲಿ ಅರಸೊತ್ತಿಗೆಯ ಎದುರು ಹಾಕಿದ ರುಜುವಾಯಿತು!

ಇಂಥ ಪಾತ್ರೆಗಳು ವಿರಳವಾಗಲು ಮನೆಯವರೂ ಕಾರಣರು. ಹಣದ ಅಡಚಣೆ ಬಂದಾಗ, ರುಚಿ ಬದಲಾದಾಗ ಹಳೆಯದನ್ನು ಕರಗಿಸಿಬಿಡುತ್ತಿದ್ದರು. ರಿವೀರನ ಬಟ್ಟಲು ಉಳಿದುಕೊಂಡಿತು. 1949ರಲ್ಲಿ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯ ಅದನ್ನು ಕೊಂಡಾಗ ಶಾಲಾಮಕ್ಕಳು ಕೂಡಿಸಿಕೊಟ್ಟ ಪುಡಿಗಾಸೂ ಅದರಲ್ಲಿ ಸೇರಿತ್ತು. ಸಿರಿವಂತರ ಮೇಜಿನ ವಸ್ತು ಹೀಗೆ ಎಲ್ಲರ ಆಸ್ತಿಯಾಯಿತು.

ನಮ್ಮ ಮಕ್ಕಳು ಶಾಲೆಯಲ್ಲಿ ಪಾಲ್ ರಿವೀರನ ಕುದುರೆ ಸವಾರಿಯ ಕಥೆ ಓದುತ್ತಾರೆ. ಅವನ ಬಟ್ಟಲಿನ ಕಥೆಯನ್ನು ಅವರಿಗೆ ನಾವು ಹೇಳೋಣ.