ಹೊಣೆ ಹೊರುವವರು, ಹೊರಿಸುವವರು

ನಮ್ಮ ಕಚೇರಿಗಳಲ್ಲಿ ಈಗ ಮೀಟಿಂಗಿಗೊಮ್ಮೆ ಕೇಳಿಬರುವ ಮಾತು ‘ಓನರ್‌ಶಿಪ್ ತಗೊಳ್ಳಿ’. ಹೆಚ್ಚಾಗಿ ಮೇಲಿನವರು ಕೆಳಗಿನವರಿಗೆ ಹೇಳುವ ಮಾತು ಅದು. ಕೆಲಸದ ಜಾಗದಲ್ಲಿ ಹೊಣೆ ಯಾರದು ಎಂಬ ಬಗ್ಗೆ ನೂರಕ್ಕೂ ಹೆಚ್ಚು ವರ್ಷಗಳಿಂದ ಬರೆದವರನ್ನೂ ಪ್ರಯೋಗ ಮಾಡಿದವರನ್ನೂ ಸಾಲಾಗಿ ಓದುತ್ತ ಬಂದರೆ ಆ ಮಾತಿನ ದಿಕ್ಕೇ ತಿರುಗುತ್ತದೆ. ಸೋಲಿನ ಹೊಣೆ ಮೇಲಕ್ಕೆ ಹೋಗಬೇಕು, ತೀರ್ಮಾನದ ಅಧಿಕಾರ ಕೆಳಕ್ಕೆ ಬರಬೇಕು. ತಡವರಿಸುತ್ತ, ಅಡ್ಡದಾರಿ ಹಿಡಿಯುತ್ತ ಈ ಚಿಂತನೆ ಬಂದು ನಿಂತದ್ದು ಇಲ್ಲಿಗೆ.

ಶುರುವಾದದ್ದು ಮಾತ್ರ ತದ್ವಿರುದ್ಧ ಕಡೆಯಿಂದ. ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ 1911ರಲ್ಲಿ ‘ವೈಜ್ಞಾನಿಕ ನಿರ್ವಹಣೆ’ಯ ತತ್ವಗಳನ್ನು ಪುಸ್ತಕವಾಗಿ ತಂದಾಗ, ಯೋಚಿಸುವ ಕೆಲಸವನ್ನು ವ್ಯವಸ್ಥಾಪಕರಿಗೂ ಮಾಡುವ ಕೆಲಸವನ್ನು ಕಾರ್ಮಿಕರಿಗೂ ಹಂಚಿಬಿಟ್ಟರು. ಕೆಲಸದ ವೇಗ ಹೆಚ್ಚಿತು. ಕೆಲಸದ ಮೇಲೆ ಕಾರ್ಮಿಕನಿಗಿದ್ದ ಹಿಡಿತ ಕೈತಪ್ಪಿತು. ಫ್ರಾನ್ಸಿನ ಗಣಿ ಎಂಜಿನಿಯರ್ ಆನ್ರಿ ಫಯೋಲ್ 1916ರಲ್ಲಿ ಕೊಟ್ಟ 14 ಸೂತ್ರಗಳಲ್ಲಿ ಎರಡನೆಯದು, ಅಧಿಕಾರ ಮತ್ತು ಹೊಣೆ ಜೋಡಿಯಾಗಿರಬೇಕು ಎಂಬುದು. ಅಧಿಕಾರಕ್ಕೆ ಜನ ಎಷ್ಟು ಹಾತೊರೆಯುತ್ತಾರೋ ಹೊಣೆಗೆ ಅಷ್ಟೇ ಹೆದರುತ್ತಾರೆ ಎಂಬುದನ್ನೂ ಅವರು ಗುರುತಿಸಿದ್ದರು. ಬಿ.ಕಾಂ. ಪಠ್ಯದಲ್ಲಿ ಇಂದಿಗೂ ಇರುವ ಈ ಸೂತ್ರಕ್ಕೆ ಸಲ್ಲಬೇಕಾದ ಮರ್ಯಾದೆ ಕಚೇರಿಗಳಲ್ಲಿ ಸಂದಿಲ್ಲ ಎಂಬುದು ನನ್ನ ಬೇಸರ. 1954ರಲ್ಲಿ ಪೀಟರ್ ಡ್ರಕರ್, 1960ರಲ್ಲಿ ಡಗ್ಲಸ್ ಮೆಕ್‌ಗ್ರೆಗರ್ ಬರೆದ ಪುಸ್ತಕಗಳು, ಅವಕಾಶ ಕೊಟ್ಟರೆ ಸಾಮಾನ್ಯ ನೌಕರನೂ ಹೊಣೆಯನ್ನು ಬಯಸಿ ಹೊರುತ್ತಾನೆ ಎಂದು ವಾದಿಸಿದವು.

ಆ ವಾದವನ್ನು ಕಾರ್ಖಾನೆಯ ನೆಲದ ಮೇಲೆ ಕಾಣಬೇಕಾದರೆ ಜಪಾನಿಗೆ ಹೋಗಬೇಕು. ಸಾಕಿಚಿ ತೊಯೊಡಾ ರೂಪಿಸಿದ ಮಗ್ಗ ನೂಲು ಕಡಿದರೆ ತಾನಾಗಿಯೇ ನಿಲ್ಲುತ್ತಿತ್ತು. ಅದೇ ತತ್ವವನ್ನು ಟೊಯೊಟಾ ಕಾರು ತಯಾರಿಕೆಗೆ ತಂದಿತು. ಜೋಡಣೆಯ ಸಾಲಿನುದ್ದಕ್ಕೂ ಒಂದು ಹಗ್ಗ. ನಟ್ಟು ಸರಿಯಾಗಿ ಕೂರದಿದ್ದರೆ ಕಾರ್ಮಿಕ ಹಗ್ಗ ಎಳೆಯುತ್ತಾನೆ, ಮೇಲಿನ ಫಲಕದಲ್ಲಿ ದೀಪ ಹೊತ್ತಿಕೊಳ್ಳುತ್ತದೆ, ಟೀಮ್ ಲೀಡರ್ ಅಲ್ಲಿಗೆ ಧಾವಿಸುತ್ತಾನೆ. ಕಾರು ಆ ಜಾಗ ದಾಟುವುದರೊಳಗೆ ದೋಷ ಸರಿಹೋದರೆ ಸಾಲು ಮುಂದುವರಿಯುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಕರೆದವನ ಬಳಿಗೆ ಹೋಗುವುದು ಲೀಡರ್ ಕೆಲಸ. ಯಾಕೆ ಕರೆದೆ ಎಂದು ಗದರುವುದಲ್ಲ. ಜನರಲ್ ಮೋಟರ್ಸ್ 1982ರಲ್ಲಿ ಮುಚ್ಚಿದ್ದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯನ್ನು 1984ರಲ್ಲಿ ಟೊಯೊಟಾ ಜೊತೆ ಸೇರಿ ಮತ್ತೆ ತೆರೆಯಲಾಯಿತು. ಗೈರುಹಾಜರಿಗೂ ಜಗಳಕ್ಕೂ ಹೆಸರಾಗಿದ್ದ ಹಳೆಯ ಕಾರ್ಮಿಕರೇ ಬಹುಪಾಲು ಮರಳಿ ಬಂದರು, ಒಳ್ಳೆಯ ಕಾರುಗಳು ಹೊರಬಂದವು. ಹಾಗೆಂದು ಪದ್ಧತಿಯ ಬೆನ್ನಿಗೆ ನಂಬಿಕೆ ತಾನಾಗಿ ಬರುವುದಿಲ್ಲ. ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲೇ 2020ರ ನವೆಂಬರಿನಲ್ಲಿ ಶುರುವಾದ ಮುಷ್ಕರ, ಲಾಕೌಟ್ ತಿಂಗಳುಗಟ್ಟಲೆ ನಡೆಯಿತು. ಕೆಲಸದ ಹೊರೆ ಅತಿಯಾಯಿತು ಎಂಬುದು ಕಾರ್ಮಿಕರ ದೂರಾಗಿತ್ತು.

ನಾಯಕ ಹೊಣೆ ಹೊರುವುದೆಂದರೆ ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಶ್ರೀಹರಿಕೋಟಾದ ಸಂಗತಿ. 1979ರ ಆಗಸ್ಟ್ 10, ಎಸ್‌ಎಲ್‌ವಿ-3ರ ಮೊದಲ ಉಡಾವಣೆ. ಕೌಂಟ್‌ಡೌನ್ ಮುಗಿಯುವ ಹೊತ್ತಿಗೆ ಕಂಪ್ಯೂಟರ್ ತಡೆ ಹಾಕಿತು. ನಿಯಂತ್ರಣ ವ್ಯವಸ್ಥೆಯಲ್ಲಿ ಸೋರಿಕೆಯಿತ್ತು. ಪರವಾಗಿಲ್ಲ ಎಂದ ತಜ್ಞರ ಮಾತು ನಂಬಿ, ಯೋಜನೆಯ ಹೊಣೆ ಹೊತ್ತಿದ್ದ ಅಬ್ದುಲ್ ಕಲಾಂ ಉಡಾವಣೆ ಮುಂದುವರಿಸಿದರು. ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಹೊರಗೆ ಪತ್ರಕರ್ತರು ಕಾದಿದ್ದರು. ಇಸ್ರೊ ಅಧ್ಯಕ್ಷರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಸತೀಶ್ ಧವನ್ ಆ ಪತ್ರಕರ್ತರ ಎದುರು ತಾವೇ ಕೂತು, ಸೋತಿದ್ದೇವೆ, ನನ್ನ ತಂಡದ ಮೇಲೆ ನನಗೆ ನಂಬಿಕೆಯಿದೆ, ಮುಂದಿನ ಸಲ ಗೆಲ್ಲುತ್ತೇವೆ ಎಂಬರ್ಥದ ಮಾತಾಡಿದರು. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ, ಪತ್ರಿಕಾಗೋಷ್ಠಿ ನೀವೇ ನಡೆಸಿ ಎಂದು ಕಲಾಂ ಅವರನ್ನು ಕಳುಹಿಸಿದರು. ಇದನ್ನು ಕಲಾಂ ಮುಂದೆ ಎಷ್ಟೋ ವೇದಿಕೆಗಳಲ್ಲಿ ಹೇಳಿಕೊಂಡರು. ಕೇಳಿದವರು ಧವನ್ ಅವರ ದೊಡ್ಡತನವನ್ನು ಮೆಚ್ಚಿ ಸುಮ್ಮನಾಗುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ನಡುವಿನ ಹನ್ನೊಂದು ತಿಂಗಳು. ಕಲಾಂ ಅವರನ್ನು ಬದಿಗೆ ಸರಿಸಲಿಲ್ಲ, ಸೋಲಿನ ಕಾರಣವನ್ನು ಬಿಡಿಸಿ ನೋಡುವ ಕೆಲಸ ಅದೇ ತಂಡದ ಕೈಯಲ್ಲೇ ನಡೆಯಿತು. 1956ರಲ್ಲಿ ಅರಿಯಲೂರು ರೈಲು ದುರಂತದ ನಂತರ ಲಾಲ್ ಬಹದ್ದೂರ್ ಶಾಸ್ತ್ರಿ ಮಂತ್ರಿ ಪದವಿ ಬಿಟ್ಟದ್ದು ಸಾರ್ವಜನಿಕ ಜೀವನದ ಎತ್ತರದ ನಡೆ, ನಿಜ. ಆದರೆ ಕೆಲಸದ ಜಾಗದಲ್ಲಿ, ಉಳಿದುಕೊಂಡು ಸರಿಪಡಿಸುವುದು ಇನ್ನೂ ಕಷ್ಟದ್ದು.

ಹೊಣೆಗೆ ಕತ್ತಲ ಮುಖವೂ ಇದೆ ಎಂದು ತೋರಿಸಿಕೊಟ್ಟವರು ಸಂಶೋಧಕ ಬ್ಯಾರಿ ಸ್ಟಾ. 1976ರ ಅವರ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಕಂಪನಿಯೊಂದರ ಹಣ ಹಂಚಬೇಕಿತ್ತು. ಮೊದಲ ತೀರ್ಮಾನ ತಮ್ಮದೇ ಆಗಿದ್ದು ಅದು ಕೈಕೊಟ್ಟಾಗ, ಅದೇ ಸೋಲುವ ವಿಭಾಗಕ್ಕೆ ಅವರು ಇನ್ನಷ್ಟು ಹಣ ಸುರಿದರು. ನನ್ನದು ಎಂಬ ಭಾವ ಕಣ್ಣು ಕಟ್ಟಿತ್ತು. 1992ರಲ್ಲಿ ಇಟಮಾರ್ ಸೈಮನ್ಸನ್ ಜೊತೆ ನಡೆಸಿದ ಅಧ್ಯಯನದಲ್ಲಿ ಇದಕ್ಕೊಂದು ಮದ್ದೂ ಸಿಕ್ಕಿತು: ಫಲಿತಾಂಶಕ್ಕೆ ಲೆಕ್ಕ ಕೇಳುವ ಬದಲು, ತೀರ್ಮಾನಕ್ಕೆ ಬಂದ ಬಗೆಗೆ ಲೆಕ್ಕ ಕೇಳಿದರೆ ಈ ಹಟ ತಗ್ಗುತ್ತದೆ. ಕ್ವಾರ್ಟರ್ ಮುಗಿಯುತ್ತಿದ್ದಂತೆ ಬರೀ ಅಂಕಿ ಕೇಳುವ ಸಂಸ್ಥೆಗಳು ಓದಬೇಕಾದ ಅಧ್ಯಯನ ಇದು.

ಈ ಇಡೀ ಸಾಹಿತ್ಯದಲ್ಲಿ ನನಗೆ ಅತ್ಯಂತ ಅಮೂಲ್ಯವೆನಿಸುವುದು ಸಂಶೋಧಕಿ ಎಮಿ ಎಡ್ಮಂಡ್‌ಸನ್ ಅವರ ಕೆಲಸ. 1990ರ ದಶಕದಲ್ಲಿ ಅವರು ಆಸ್ಪತ್ರೆಗಳ ಶುಶ್ರೂಷಾ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಎಣಿಸಲು ಹೊರಟರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆಯಿರಬೇಕು ಎಂಬುದು ಅವರ ಎಣಿಕೆ. ಲೆಕ್ಕ ಉಲ್ಟಾ ಬಂತು: ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲೇ ತಪ್ಪು ಹೆಚ್ಚು. ಕೆದಕಿ ನೋಡಿದಾಗ ತಿಳಿದದ್ದೇನೆಂದರೆ, ಆ ತಂಡಗಳಲ್ಲಿ ನರ್ಸ್‌ಗಳು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಉಳಿದೆಡೆ ಹೆದರಿ ಮುಚ್ಚಿಡುತ್ತಿದ್ದರು. 1999ರಲ್ಲಿ 51 ತಂಡಗಳ ಅಧ್ಯಯನದೊಂದಿಗೆ ಅವರು ಇದನ್ನು ಸಿದ್ಧಾಂತದ ಮಟ್ಟಕ್ಕೆ ಒಯ್ದರು. ತಪ್ಪು ಒಪ್ಪಿಕೊಂಡವನು ಕೆಲಸ ಕಳೆದುಕೊಳ್ಳುವ ಕಡೆ ಹೊಣೆಯ ಉಪದೇಶ ಎಷ್ಟು ಮಾಡಿದರೂ ವ್ಯರ್ಥ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

2001ರಲ್ಲಿ ಜಾನ್ ಪಿಯರ್ಸ್ ಮತ್ತು ಸಂಗಡಿಗರು, ಕಾಗದದ ಮೇಲೆ ಒಡೆತನವಿಲ್ಲದ ನೌಕರನಿಗೂ ಕೆಲಸ ನನ್ನದು ಎನ್ನಿಸುವುದು ಹೇಗೆ ಎಂದು ಕೇಳಿದರು. ಅವರು ಕಂಡ ದಾರಿ ಮೂರು: ಕೆಲಸದ ಮೇಲೆ ಹಿಡಿತ, ಅದರ ಒಳಹೊರಗಿನ ಪರಿಚಯ, ಅದಕ್ಕೆ ತನ್ನನ್ನು ತೆತ್ತುಕೊಂಡಿರುವುದು. ಇವು ಭಾಷಣದಿಂದ ಬರುವಂಥವಲ್ಲ. ಅಮೆರಿಕದ ಜಲಾಂತರ್ಗಾಮಿ ‘ಸಾಂಟಾ ಫೆ’ಯ ಕ್ಯಾಪ್ಟನ್ ಆಗಿ 1999ರಲ್ಲಿ ಬಂದ ಡೇವಿಡ್ ಮಾರ್ಕೆ, ಆ ನೌಕೆಯಲ್ಲಿ ಇಲ್ಲವೇ ಇಲ್ಲದ ವೇಗವೊಂದಕ್ಕೆ ಆಜ್ಞೆ ಕೊಟ್ಟರು. ಇಲ್ಲವೆಂದು ಗೊತ್ತಿದ್ದೂ ಅಧಿಕಾರಿ ಅದನ್ನೇ ಪುನರುಚ್ಚರಿಸಿದ. ಯಾಕೆಂದು ಕೇಳಿದರೆ, ನೀವು ಹೇಳಿದಿರಲ್ಲ ಎಂದ. ಅಂದಿನಿಂದ ಮಾರ್ಕೆ ಆಜ್ಞೆ ಕೊಡುವುದನ್ನು ಕಡಿಮೆ ಮಾಡಿದರು. ತಾನು ಏನು ಮಾಡಲಿದ್ದೇನೆ ಎಂದು ಅಧಿಕಾರಿಯೇ ಬಂದು ಹೇಳುವ ಪದ್ಧತಿ ತಂದರು. 2012ರ ಅವರ ಪುಸ್ತಕದಲ್ಲಿ ಈ ಕಥೆಯಿದೆ. 2015ರಲ್ಲಿ ಬಂದ ಜಾಕೊ ವಿಲಿಂಕ್ ಮತ್ತು ಲೈಫ್ ಬೇಬಿನ್ ಅವರ ‘ಎಕ್ಸ್‌ಟ್ರೀಮ್ ಓನರ್‌ಶಿಪ್’ ನಮ್ಮಲ್ಲಿ ಹೆಚ್ಚು ಓದಿಸಿಕೊಂಡಿದೆ. ಎಲ್ಲ ತಪ್ಪೂ ನಾಯಕನದೇ ಎಂಬ ಅದರ ನಿಲುವನ್ನು ಮ್ಯಾನೇಜರುಗಳು ತಮಗೆ ಅನ್ವಯಿಸಿಕೊಂಡರೆ ಒಳ್ಳೆಯದು, ಕೈಕೆಳಗಿನವರಿಗೆ ಅನ್ವಯಿಸಿದರೆ ಅನ್ಯಾಯ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಸರ್ವರ್ ಬಿದ್ದ ಮೇಲೆ ಆರ್‌ಸಿಎ, ಅಂದರೆ ಮೂಲ ಕಾರಣದ ವಿಶ್ಲೇಷಣೆ, ಬರೆಯುವ ರೂಢಿಯಿದೆ. ಯಾರನ್ನೂ ದೂರದೆ ಬರೆಯಬೇಕೆಂಬ ಕ್ರಮ ಗೂಗಲ್, ಎಟ್ಸಿಯಂಥ ಕಂಪನಿಗಳಿಂದ ಹರಡಿದ್ದು. ಎಡ್ಮಂಡ್‌ಸನ್ ಕಂಡುಕೊಂಡದ್ದಕ್ಕೆ ಅದು ಹತ್ತಿರದ್ದು. ಆದರೆ ರಾತ್ರಿ ಎರಡಕ್ಕೆ ಪೇಜರ್ ಕೂಗಿದಾಗ ಎದ್ದು ಕೂರುವ ಹುಡುಗಿಗೆ, ಆ ಕೆಟ್ಟ ರಿಲೀಸನ್ನು ಹಗಲಲ್ಲೇ ತಡೆಯುವ ಹಕ್ಕು ಎಷ್ಟು ಕಡೆ ಇದೆ? ತಂಡ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೆ. ಈ ಸಲದ ಅಪ್ರೈಸಲ್‌ನಲ್ಲಿ ಅವಳ ‘ಓನರ್‌ಶಿಪ್’ ಕಾಲಮ್ಮಿಗೆ ಅಂಕ ಹಾಕುವ ಮುನ್ನ, ಅವಳ ಕೈಗೆ ನೀವು ಬಿಟ್ಟುಕೊಟ್ಟ ತೀರ್ಮಾನಗಳು ಯಾವುವು, ಅವಳ ಪರವಾಗಿ ನೀವು ಹೊತ್ತ ಸೋಲುಗಳು ಯಾವುವು ಎಂದು ಅದೇ ಹಾಳೆಯಲ್ಲಿ ಬರೆದು, ಅವಳಿಗೆ ಓದಲು ಕೊಡಿ.