ಬೇಡು ಹಬ್ಬದ ವೇಷದಿಂದ ದಶಮಂಟಪದವರೆಗೆ

ಮೇ ತಿಂಗಳ ನಾಲ್ಕನೇ ಗುರುವಾರ ದಕ್ಷಿಣ ಕೊಡಗಿನ ದೇವರಪುರದ ಕಡೆ ಹೊರಟ ವಾಹನಗಳು ಸಲೀಸಾಗಿ ಮುಂದೆ ಹೋಗುವುದಿಲ್ಲ. ಹರಿದ ಸೀರೆ, ಹಳೆಯ ನೈಟಿ ತೊಟ್ಟು ಮುಖಕ್ಕೆ ಬಣ್ಣ ಬಳಿದುಕೊಂಡ ಗಂಡಸರು ದಾರಿಗೆ ಅಡ್ಡ ನಿಲ್ಲುತ್ತಾರೆ. ಪ್ಲಾಸ್ಟಿಕ್ ಡಬ್ಬ ಬಡಿಯುತ್ತ, ಕುಣಿಯುತ್ತ, ಬೈಯುತ್ತ ಕಾಸು ವಸೂಲಿ ಮಾಡಿಯೇ ಬಿಡುತ್ತಾರೆ. ಕಾರಿನಲ್ಲಿ ಕೂತವರು ಅಧಿಕಾರಿಯಾದರೂ ವಿನಾಯಿತಿ ಇಲ್ಲ. ಜೇನುಕುರುಬರು, ಬೆಟ್ಟಕುರುಬರು, ಯರವರು ಆಚರಿಸುವ ಕುಂಡೆ ಹಬ್ಬ, ಅಂದರೆ ಬೇಡು ಹಬ್ಬ ಇದು. ತಮ್ಮೊಡನೆ ಬೇಟೆಗೆ ಬಂದ ಅಯ್ಯಪ್ಪ, ಭದ್ರಕಾಳಿಯನ್ನು ಕಂಡು ಮೋಹಗೊಂಡು ತಮ್ಮನ್ನು ಕಾಡಿನಲ್ಲೇ ಬಿಟ್ಟುಹೋದ ಎಂಬುದು ಅವರ ದೂರು. ಅಂದು ದೇವರನ್ನೂ ಬೈಯುತ್ತಾರೆ. ಕೊನೆಗೆ ದೇವಸ್ಥಾನದ ಮುಂದೆ ತಪ್ಪಾಯಿತೆಂದು ಬೇಡಿಕೊಳ್ಳುತ್ತಾರೆ.

ಕೊಡಗಿನ ಹವ್ಯಾಸಿ ರಂಗಭೂಮಿಯ ಕಥೆಯನ್ನು ಇಲ್ಲಿಂದಲೇ ಶುರು ಮಾಡಬೇಕು. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಮನೆಮಂದಿಯೆಲ್ಲ ಸೇರಿ ನೋಡುವ ಪ್ಯಾಂಟೊಮೈಮ್‌ನಲ್ಲೂ ಗಂಡಸೊಬ್ಬ ಹೆಂಗಸಿನ ವೇಷ ಹಾಕಿ ಪ್ರೇಕ್ಷಕರನ್ನು ಮಾತಿಗೆಳೆಯುತ್ತಾನೆ. ಅಲ್ಲಿ ಅದು ವೇದಿಕೆಯ ಮೇಲೆ. ದೇವರಪುರದಲ್ಲಿ ರಸ್ತೆಯೇ ರಂಗ, ನೋಡಲು ಬಂದವರೂ ಪಾತ್ರಧಾರಿಗಳೇ.

ಬರೆದ ನಾಟಕ ಬಂದದ್ದು ಅಪ್ಪನೆರವಂಡ ಹರದಾಸ ಅಪ್ಪಚ್ಚ ಕವಿಯಿಂದ. 1868ರಲ್ಲಿ ಹುಟ್ಟಿದ ಅವರು 1906ರಲ್ಲಿ ‘ಯಯಾತಿ’ಯನ್ನು ಕೊಡವ ಭಾಷೆಯಲ್ಲಿ ಬರೆದರು. ಆಮೇಲೆ ‘ಸಾವಿತ್ರಿ’, ‘ಸುಬ್ರಹ್ಮಣ್ಯ’, ‘ಕಾವೇರಿ’ ಬಂದವು. ಪುರಾಣದ ಕಥೆಗಳನ್ನು ಕೊಡವರ ಮನೆಮಾತಿನಲ್ಲಿ, ಹಾಡುಗಳೊಂದಿಗೆ ರಂಗಕ್ಕೆ ತಂದದ್ದು ಸಣ್ಣ ಸಾಧನೆಯಲ್ಲ. ತಲಕಾವೇರಿಯ ನೆಲದಲ್ಲೇ ನಡೆಯುವ ‘ಕಾವೇರಿ’ಯಂತೂ ಊರವರಿಗೆ ತಮ್ಮದೇ ಕಥೆ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪ ಜನಪದ ಹಾಡುಗಳನ್ನು ‘ಪಟ್ಟೋಲೆ ಪಳಮೆ’ಯಲ್ಲಿ ಸಂಗ್ರಹಿಸಿದರು. ಮುಂದೆ ನಾಟಕ ಕಟ್ಟುವವರಿಗೆ ಅದೊಂದು ಕಣಜ.

ಕೊಡಗಿನಲ್ಲಿ ತಂಡ ಕಟ್ಟುವುದು ಸುಲಭವಲ್ಲ. ಮನೆಗಳು ತೋಟದ ನಡುವೆ ದೂರ ದೂರ. ಮಳೆಗಾಲದಲ್ಲಿ ಸಂಜೆ ಹೊರಡುವುದೇ ಕಷ್ಟ, ಮಳೆ ಮುಗಿದು ಸ್ವಲ್ಪ ದಿನಕ್ಕೆ ಕಾಫಿ ಕೊಯ್ಲು. ಇಂಥ ಕಡೆ ಅಡ್ಡಂಡ ಸಿ. ಕಾರ್ಯಪ್ಪ ಮತ್ತು ಅನಿತಾ ಕಾರ್ಯಪ್ಪ ದಂಪತಿ ‘ಸೃಷ್ಟಿ ಕೊಡವ ರಂಗ’ ಕಟ್ಟಿ ಕೊಡವ ನಾಟಕವನ್ನು ಜೀವಂತ ಇಟ್ಟರು. ಕಾರ್ಯಪ್ಪ ಮುಂದೆ ಮೈಸೂರು ರಂಗಾಯಣದ ನಿರ್ದೇಶಕರೂ ಆದರು.

ಜನ ಮಾತ್ರ ಮುಗಿಬೀಳುವುದು ಮಡಿಕೇರಿ ದಸರಾಕ್ಕೆ. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು, ಅಂದರೆ ದಶಮಂಟಪ, ಮೆರವಣಿಗೆ ಹೊರಡುತ್ತವೆ. ಅವುಗಳ ಮೇಲಿನ ಭಾರೀ ಬೊಂಬೆಗಳು ಯಂತ್ರದ ಬಲದಿಂದ ಏಳುತ್ತವೆ, ಬಾಗುತ್ತವೆ, ಅಸುರನ ಮೇಲೆ ಎರಗುತ್ತವೆ. ಬೆಳಕು, ಹೊಗೆ, ಧ್ವನಿಮುದ್ರಿಕೆಯ ನಡುವೆ ಬೆಳಗಿನ ಜಾವದವರೆಗೂ ಪ್ರದರ್ಶನ. ತೀರ್ಪುಗಾರರು ಅಂಕ ಕೊಡುತ್ತಾರೆ, ಬಹುಮಾನಕ್ಕೆ ಪೈಪೋಟಿ ಜೋರು. ಅಪ್ಪನ ಹೆಗಲೇರಿದ ಮಕ್ಕಳೂ ನಿದ್ದೆಗೆಟ್ಟು ನೋಡುವ ಆಟವಿದು. ಆದರೆ ಬೊಂಬೆ ಮಕ್ಕಳ ಮಾತಿಗೆ ಉತ್ತರ ಕೊಡುವುದಿಲ್ಲ. ದೇವರಪುರದ ಚೇಷ್ಟೆಯೂ ಅಪ್ಪಚ್ಚ ಕವಿಯ ಹಾಡೂ ಇರುವ, ಊರಿನ ಹುಡುಗರೇ ಆಡುವ ‘ಕಾವೇರಿ’ಯೊಂದು ಇದೇ ದಸರಾ ವೇದಿಕೆಗೆ ಬರಬೇಕು. ಕಥೆ, ಹಾಡು, ವೇಷ, ಪ್ರೇಕ್ಷಕರು ಎಲ್ಲವೂ ಜಿಲ್ಲೆಯಲ್ಲೇ ಇವೆ.